ಬೆನ್ನಿಯ ಲೆಕ್ಕ, ನಮ್ಮ ಮಕ್ಕಳ ಪರದೆ

ಕೆಲವು ತಿಂಗಳ ಹಿಂದೆ ಬಂಧುಗಳೊಬ್ಬರ ಮನೆಗೆ ಹೋಗಿದ್ದೆ. ಮೂರನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗಳು ಮೂಲೆಯಲ್ಲಿ ಕುಳಿತು ಟ್ಯಾಬ್ಲೆಟ್ಟಿನ ಮೇಲೆ ಲೆಕ್ಕ ಮಾಡುತ್ತಿದ್ದಳು. ಪರದೆಯ ಮೇಲೆ 52ರಿಂದ 27ನ್ನು ಕಳೆಯುವ ಪ್ರಶ್ನೆಯಿತ್ತು. ಕೆಳಗೆ ನಾಲ್ಕು ಉತ್ತರಗಳಿದ್ದವು. ಹುಡುಗಿ 35 ಎಂಬುದನ್ನು ಒತ್ತಿದಳು. ಪರದೆ ಕೆಂಪಾಯಿತು. ಮರುಕ್ಷಣವೇ 25ನ್ನು ಒತ್ತಿದಳು. ಪರದೆ ಹಸಿರಾಗಿ, ಒಂದು ನಕ್ಷತ್ರ ಮೇಲೇರಿ, ಚಪ್ಪಾಳೆಯ ಸದ್ದು ಕೇಳಿಸಿತು. "ಇಪ್ಪತ್ತೈದು ಹೇಗೆ ಬಂತಮ್ಮ?" ಎಂದು ಕೇಳಿದೆ. ಅವಳು ನನ್ನತ್ತ ಅಚ್ಚರಿಯಿಂದ ನೋಡಿ, "ಮೊದಲು ಮೂವತ್ತೈದು ಒತ್ತಿದೆ, ಕೆಂಪು ಬಂತು. ಆಮೇಲೆ ಇದನ್ನು ಒತ್ತಿದೆ, ನಕ್ಷತ್ರ ಬಂತು" ಎಂದಳು. ಅವಳ ಪಾಲಿಗೆ ಅದು ಸಂಪೂರ್ಣವಾದ ಉತ್ತರವೇ ಆಗಿತ್ತು. ತಾಯಿ ಅಡುಗೆಮನೆಯಿಂದಲೇ ಸಂತೋಷದಿಂದ ಹೇಳಿದರು: "ದಿನಕ್ಕೆ ಅರ್ಧ ಗಂಟೆ ಮಾಡುತ್ತಾಳೆ. ಅವಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಅದೇ ನೋಡಿಕೊಂಡು ಲೆಕ್ಕ ಕೊಡುತ್ತದಂತೆ."

ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ನೋಡಿಕೊಳ್ಳುವುದು ಗುರುವಿನ ಕೆಲಸಗಳಲ್ಲೆಲ್ಲ ಸೂಕ್ಷ್ಮವಾದದ್ದು. ಅದನ್ನು ಯಂತ್ರವೊಂದು ಮಾಡುತ್ತದೆ ಎಂಬ ಭರವಸೆಯ ಮೇಲೆ ಇಂದು ನಮ್ಮ ಅನೇಕ ಕುಟುಂಬಗಳು ದುಡಿದ ಹಣವನ್ನು ವ್ಯಯಿಸುತ್ತಿವೆ. ಅದಕ್ಕಿಂತ ಹೆಚ್ಚಾಗಿ, ಮಕ್ಕಳ ಎಳೆಯ ವಯಸ್ಸಿನ ಸಂಜೆಗಳನ್ನು ಅದಕ್ಕೆ ಒಪ್ಪಿಸುತ್ತಿವೆ. ಆದುದರಿಂದ ಈ ಭರವಸೆ ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು, ಅದರ ಮಿತಿ ಯಾವುದು ಎಂಬುದನ್ನು ನಿಷ್ಪಕ್ಷಪಾತವಾಗಿ ವಿಚಾರಿಸುವುದು ಅಗತ್ಯ. ಯಂತ್ರವೆಂದೊಡನೆ ಮೂಗು ಮುರಿಯುವುದು ವಿಮರ್ಶೆಯಲ್ಲ. ಹೊಸತೆಂದೊಡನೆ ತಲೆಬಾಗುವುದೂ ವಿವೇಕವಲ್ಲ.

ಮೊದಲಿಗೆ, ಈ ಭರವಸೆಯ ಹಿಂದೆ ಇರುವ ದೂರು ಸುಳ್ಳಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. 1953ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತಮ್ಮ ಮಗಳ ಶಾಲೆಗೆ ಭೇಟಿ ನೀಡಿದರು. ಅದು ತಂದೆಯರನ್ನು ತರಗತಿಗೆ ಆಹ್ವಾನಿಸಿದ್ದ ದಿನ. ನಾಲ್ಕನೆಯ ತರಗತಿಯ ಗಣಿತದ ಪಾಠ ನಡೆಯುತ್ತಿತ್ತು. ಕೆಲವು ಮಕ್ಕಳು ಲೆಕ್ಕಗಳನ್ನು ಮುಗಿಸಿ ಬೇಸರದಿಂದ ಅತ್ತಿತ್ತ ನೋಡುತ್ತಿದ್ದರು. ಕೆಲವರು ಮೊದಲ ಲೆಕ್ಕದಲ್ಲಿಯೇ ಸಿಲುಕಿ ಒದ್ದಾಡುತ್ತಿದ್ದರು. ಶಿಕ್ಷಕರು ಕಾಗದಗಳನ್ನು ಸಂಗ್ರಹಿಸಿದರು. ತಮ್ಮ ಉತ್ತರ ಸರಿಯೋ ತಪ್ಪೋ ಎಂಬುದು ಮಕ್ಕಳಿಗೆ ತಿಳಿಯಲು ಮರುದಿನದವರೆಗೆ ಕಾಯಬೇಕಾಗಿತ್ತು. ಎಲ್ಲರಿಗೂ ಒಂದೇ ವೇಗ, ಯಾರಿಗೂ ತಕ್ಷಣದ ಉತ್ತರವಿಲ್ಲ: ಈ ಎರಡು ಕೊರತೆಗಳು ಸ್ಕಿನ್ನರರನ್ನು ಕಾಡಿದವು. ಕೆಲವೇ ದಿನಗಳಲ್ಲಿ ಅವರು ಒಂದು ಕಲಿಕಾ ಯಂತ್ರವನ್ನು ರೂಪಿಸಿದರು. 1954ರಲ್ಲಿ ಅದನ್ನು ಪಿಟ್ಸ್‌ಬರ್ಗ್‌ನಲ್ಲಿ ವಿದ್ವಾಂಸರ ಮುಂದೆ ಪ್ರದರ್ಶಿಸಿದರು.

ಸ್ಕಿನ್ನರ್ ಅಂದು ಕಂಡ ದೃಶ್ಯ ನಮ್ಮ ಊರಿನ ಯಾವ ತರಗತಿಯಲ್ಲಿ ಇಲ್ಲ? ನಲವತ್ತು ಮಕ್ಕಳ ಮುಂದೆ ಒಬ್ಬ ಶಿಕ್ಷಕಿ ನಿಂತು ಭಾಗಾಕಾರ ಹೇಳಿಕೊಡುವಾಗ ಹತ್ತು ಮಕ್ಕಳಿಗೆ ಅದು ಈಗಾಗಲೇ ಗೊತ್ತಿರುತ್ತದೆ, ಹತ್ತು ಮಕ್ಕಳಿಗೆ ಕಳೆಯುವುದೇ ಬಂದಿರುವುದಿಲ್ಲ. ಪಠ್ಯಕ್ರಮ ಮಾತ್ರ ರೈಲಿನಂತೆ ನಿಗದಿಯಾದ ವೇಳೆಗೆ ಹೊರಟುಬಿಡುತ್ತದೆ. ಹತ್ತಿದವರು ಹತ್ತಿದರು, ಬಿಟ್ಟವರು ಬಿಟ್ಟರು. ಗಣಿತದಲ್ಲಿ ಈ ಹಿಂದುಳಿಯುವಿಕೆ ಇತರ ವಿಷಯಗಳಿಗಿಂತ ಹೆಚ್ಚು ಅಪಾಯಕರ. ಏಕೆಂದರೆ ಇಲ್ಲಿ ಪ್ರತಿಯೊಂದು ಮೆಟ್ಟಿಲೂ ಕೆಳಗಿನ ಮೆಟ್ಟಿಲಿನ ಮೇಲೆ ನಿಂತಿದೆ. ಸ್ಥಾನಬೆಲೆ ತಿಳಿಯದವನಿಗೆ ಕಳೆಯುವುದು ತಿಳಿಯದು. ಕಳೆಯುವುದು ತಿಳಿಯದವನಿಗೆ ಭಾಗಾಕಾರ ತಿಳಿಯದು.

1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ಯಾಟ್ರಿಕ್ ಸಪ್ಪೀಸ್ ಎಂಬ ತತ್ತ್ವಶಾಸ್ತ್ರಜ್ಞರು ಗಣಕಯಂತ್ರದ ಮೂಲಕ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಂಕಗಣಿತದ ಅಭ್ಯಾಸ ಮಾಡಿಸುವ ಪ್ರಯೋಗವನ್ನು ಆರಂಭಿಸಿದರು. ಮಗು ಹಿಂದಿನ ದಿನ ಹೇಗೆ ಉತ್ತರಿಸಿತ್ತೆಂಬುದನ್ನು ನೋಡಿ ಮರುದಿನದ ಲೆಕ್ಕಗಳ ಕಠಿಣತೆಯನ್ನು ಯಂತ್ರವೇ ಏರಿಸುತ್ತಿತ್ತು ಅಥವಾ ಇಳಿಸುತ್ತಿತ್ತು. 1966ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಸಪ್ಪೀಸ್ ಒಂದು ದೊಡ್ಡ ಕನಸನ್ನು ಕಂಡರು: ಚಕ್ರವರ್ತಿ ಅಲೆಕ್ಸಾಂಡರನಿಗೆ ಬಾಲ್ಯದಲ್ಲಿ ಅರಿಸ್ಟಾಟಲ್ ದೊರೆತಂತೆ, ಲಕ್ಷಾಂತರ ಸಾಮಾನ್ಯ ಮಕ್ಕಳಿಗೆ ತಮ್ಮದೇ ಆದ ಗುರು ಕೆಲವೇ ವರ್ಷಗಳಲ್ಲಿ ದೊರೆಯುವನು ಎಂಬುದು ಅದರ ಸಾರ. ಅಂದಿನಿಂದ ಇಂದಿನವರೆಗೆ, ಯಂತ್ರಗಳು ಬದಲಾದರೂ ಕನಸಿನ ಭಾಷೆ ಹೆಚ್ಚು ಬದಲಾಗಿಲ್ಲ. ಅರಸುಮಗನಿಗೆ ಸಿಕ್ಕಿದ್ದು ಬಡವನ ಮಗುವಿಗೂ ಸಿಗಬೇಕೆಂಬ ಆಸೆಯಲ್ಲಿ ನ್ಯಾಯವಿದೆ. ಆದರೆ ಅರಿಸ್ಟಾಟಲ್ ಮಾಡುತ್ತಿದ್ದ ಕೆಲಸವನ್ನೇ ಯಂತ್ರವೂ ಮಾಡುತ್ತಿದೆಯೇ ಎಂಬ ಪ್ರಶ್ನೆ ಉಳಿದೇ ಇದೆ.

ಯಂತ್ರ ಮಾಡುವುದೇನು? ಹೊಂದಿಕೊಳ್ಳುವ ಕಲಿಕಾ ತಂತ್ರಾಂಶವೆಂದು ಕರೆಯಲ್ಪಡುವ ಈ ವ್ಯವಸ್ಥೆಗಳಲ್ಲಿ ಅನೇಕವು ಗಣಿತವನ್ನು ಸಣ್ಣ ಸಣ್ಣ ಕೌಶಲಗಳಾಗಿ ಬಿಡಿಸಿಕೊಳ್ಳುತ್ತವೆ. ದಶಕ ತೆಗೆದುಕೊಳ್ಳದೆ ಕಳೆಯುವುದು ಒಂದು ಕೌಶಲ, ದಶಕ ತೆಗೆದುಕೊಂಡು ಕಳೆಯುವುದು ಇನ್ನೊಂದು. ಪ್ರತಿಯೊಂದು ಕೌಶಲವೂ ಈ ಮಗುವಿಗೆ ತಿಳಿದಿರುವ ಸಂಭವವೆಷ್ಟು ಎಂಬ ಅಂದಾಜೊಂದನ್ನು ಯಂತ್ರ ಇಟ್ಟುಕೊಂಡಿರುತ್ತದೆ. ಸರಿಯುತ್ತರ ಬಂದಾಗ ಅಂದಾಜು ಏರುತ್ತದೆ, ತಪ್ಪಾದಾಗ ಇಳಿಯುತ್ತದೆ. ತಿಳಿಯದಿದ್ದರೂ ಊಹೆಯಿಂದ ಸರಿಯಾಗಬಹುದು, ತಿಳಿದಿದ್ದರೂ ಕೈತಪ್ಪಿನಿಂದ ತಪ್ಪಾಗಬಹುದು ಎಂಬುದಕ್ಕೂ ಲೆಕ್ಕದಲ್ಲಿ ಅವಕಾಶವಿರುತ್ತದೆ. ಅಂದಾಜು ಒಂದು ಮಿತಿಯನ್ನು ದಾಟಿದರೆ ಮಗು ಆ ಕೌಶಲವನ್ನು ಗಳಿಸಿದೆಯೆಂದು ತೀರ್ಮಾನಿಸಿ ಮುಂದಿನದಕ್ಕೆ ಕರೆದೊಯ್ಯುತ್ತದೆ. ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆ್ಯಂಡರ್ಸನ್ ಎಂಬ ಸಂಶೋಧಕರು 1990ರ ದಶಕದಲ್ಲಿ ರೂಪಿಸಿದ ಈ ವಿಧಾನ ನಿಜಕ್ಕೂ ಜಾಣತನದ್ದು. ಆದರೆ ಗಮನಿಸಬೇಕಾದದ್ದು ಒಂದಿದೆ: ಯಂತ್ರಕ್ಕೆ ಕಾಣುವುದು ಉತ್ತರ. ಉತ್ತರದ ಹಿಂದಿನ ಮನಸ್ಸನ್ನು ಅದು ಊಹಿಸುತ್ತದೆ.

ಈ ಅಂತರ ಎಷ್ಟು ಆಳವಾಗಬಹುದೆಂಬುದನ್ನು ತೋರಿಸಿದ್ದು ಬೆನ್ನಿ ಎಂಬ ಹುಡುಗ. ಗಣಿತ ಶಿಕ್ಷಣದ ಸಾಹಿತ್ಯದಲ್ಲಿ ಅವನು ಈ ಕಲ್ಪಿತ ಹೆಸರಿನಿಂದಲೇ ಪ್ರಸಿದ್ಧ. 1973ರಲ್ಲಿ ಸ್ಟ್ಯಾನ್ಲಿ ಎರ್ಲ್‌ವಾಂಗರ್ ಎಂಬ ಸಂಶೋಧಕರು ಅವನ ಬಗ್ಗೆ ಒಂದು ಲೇಖನವನ್ನು ಪ್ರಕಟಿಸಿದರು. ಬೆನ್ನಿಗೆ ಆಗ 12 ವರ್ಷ, ಆರನೆಯ ತರಗತಿ. ಅವನ ಶಾಲೆಯಲ್ಲಿ ಪ್ರತಿಯೊಬ್ಬ ಮಗುವೂ ತನ್ನದೇ ವೇಗದಲ್ಲಿ ಗಣಿತ ಕಲಿಯುವ ವ್ಯವಸ್ಥೆಯಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ 1960ರ ದಶಕದಲ್ಲಿ ಸಿದ್ಧವಾದ ಕ್ರಮವದು. ಅದರಲ್ಲಿ ಗಣಕಯಂತ್ರವಿರಲಿಲ್ಲ, ಹಾಳೆಗಳು, ಪರೀಕ್ಷೆಗಳು ಮತ್ತು ಉತ್ತರಗಳ ಪಟ್ಟಿ ಇದ್ದವು. ಆದರೆ ತರ್ಕ ಇಂದಿನ ತಂತ್ರಾಂಶದ್ದೇ: ಪರೀಕ್ಷಿಸು, ಮಟ್ಟ ನಿರ್ಧರಿಸು, ಅದಕ್ಕೆ ತಕ್ಕ ಅಭ್ಯಾಸ ಕೊಡು, ಮತ್ತೆ ಪರೀಕ್ಷಿಸು, ಉತ್ತೀರ್ಣನಾದರೆ ಮುಂದಕ್ಕೆ ಕಳುಹಿಸು. ಎರಡನೆಯ ತರಗತಿಯಿಂದಲೂ ಬೆನ್ನಿ ಈ ಕ್ರಮದಲ್ಲಿಯೇ ಕಲಿತವನು. ಶಿಕ್ಷಕಿಯ ದೃಷ್ಟಿಯಲ್ಲಿ ಅವನು ಗಣಿತದಲ್ಲಿ ಉತ್ತಮ ವಿದ್ಯಾರ್ಥಿಗಳಲ್ಲೊಬ್ಬ.

ಎರ್ಲ್‌ವಾಂಗರ್ ಅವನ ಪಕ್ಕದಲ್ಲಿ ಕುಳಿತು, ಪರೀಕ್ಷೆ ಕೇಳದ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು: ಹೇಗೆ ಮಾಡಿದೆ? ಹೊರಬಂದ ಸಂಗತಿ ದಿಗಿಲು ಹುಟ್ಟಿಸುವಂಥದ್ದು. 5/10 ಎಂಬ ಭಿನ್ನರಾಶಿಯನ್ನು ದಶಮಾಂಶದಲ್ಲಿ ಬರೆಯಲು ಬೆನ್ನಿ ಮೇಲಿನ ಸಂಖ್ಯೆಯನ್ನೂ ಕೆಳಗಿನ ಸಂಖ್ಯೆಯನ್ನೂ ಕೂಡಿಸಿ, 15 ಪಡೆದು, ನಡುವೆ ಒಂದು ಬಿಂದುವನ್ನಿಟ್ಟು 1.5 ಎಂದು ಬರೆಯುತ್ತಿದ್ದ. 4/11 ಎಂದರೂ 1.5, 11/4 ಎಂದರೂ 1.5. ಎರಡೂ ಒಂದೇ ಆಗಲು ಸಾಧ್ಯವೇ ಎಂಬ ಸಂಶಯ ಅವನಿಗೆ ಬರಲಿಲ್ಲ. 0.3ಕ್ಕೆ 0.4 ಕೂಡಿಸಿದರೆ 0.07 ಎಂದ, ಎರಡು ಸಂಖ್ಯೆಗಳಲ್ಲಿ ಸೇರಿ ಬಿಂದುವಿನ ಬಳಿಕ ಎರಡು ಅಂಕಿಗಳಿವೆಯಲ್ಲ ಎಂಬುದು ಅವನ ತರ್ಕ. ಇವೆಲ್ಲ ಅಜಾಗರೂಕತೆಯ ತಪ್ಪುಗಳಲ್ಲ. ಪ್ರತಿಯೊಂದರ ಹಿಂದೆಯೂ ಒಂದು ನಿಯಮವಿತ್ತು. ಅದನ್ನು ಅವನು ನಿಷ್ಠೆಯಿಂದ ಪಾಲಿಸುತ್ತಿದ್ದ.

ಇದಕ್ಕಿಂತ ನೋವಿನ ಸಂಗತಿ, ಗಣಿತದ ಬಗ್ಗೆ ಅವನಲ್ಲಿ ಬೆಳೆದಿದ್ದ ನಂಬಿಕೆ. ಒಂದೇ ಲೆಕ್ಕಕ್ಕೆ ಹಲವು ಸರಿಯುತ್ತರಗಳಿವೆ, ಆದರೆ ಉತ್ತರಗಳ ಪಟ್ಟಿ ಒಂದನ್ನು ಮಾತ್ರ ಒಪ್ಪುತ್ತದೆ. ಆದುದರಿಂದ ಪಟ್ಟಿಯಲ್ಲಿ ಯಾವುದಿದೆ ಎಂದು ಪತ್ತೆಹಚ್ಚುವುದೇ ಗಣಿತ ಎಂದು ಅವನು ತಿಳಿದಿದ್ದ. ನಿಯಮಗಳನ್ನು ಯಾರೋ ಬುದ್ಧಿವಂತರು ಎಂದೋ ಮಾಡಿಟ್ಟಿದ್ದಾರೆ, ಅವುಗಳಿಗೆ ಕಾರಣವಿರಬೇಕಾಗಿಲ್ಲ. ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಬೆನ್ನಿ ಗಣಿತ ಕಲಿಯುತ್ತಿದ್ದಾನೆಂದು ಎಲ್ಲರೂ ಭಾವಿಸಿದ್ದರು. ಅವನು ಕಲಿತದ್ದು ಉತ್ತರಪಟ್ಟಿಯೊಡನೆ ವ್ಯವಹರಿಸುವ ಕಲೆಯನ್ನು. ಅವನ ತಪ್ಪು ಯಾರಿಗೂ ಕಾಣದೆ ಹೋದದ್ದಕ್ಕೆ ಕಾರಣ ಅವನ ದಡ್ಡತನವಲ್ಲ. ಅವನೊಡನೆ ಗಣಿತದ ಬಗ್ಗೆ ಮಾತನಾಡುವ ಮನುಷ್ಯನ ಅಗತ್ಯವೇ ಇಲ್ಲದಂತೆ ವ್ಯವಸ್ಥೆ ರೂಪುಗೊಂಡಿತ್ತು.

"ಹಾಗಾದರೆ ಇಂದಿನ ತಂತ್ರಾಂಶಗಳೂ ಹಾಗೆಯೇ?" ಎಂದು ಓದುಗರು ಕೇಳಬಹುದು. ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ಮಕ್ಕಳ ತಪ್ಪುಗಳಲ್ಲಿರುವ ನಿಯಮವನ್ನು ಗಣಕಯಂತ್ರದಿಂದಲೇ ಹುಡುಕಬಹುದೆಂದು ತೋರಿಸಿದರು. ನಮ್ಮ ಹುಡುಗಿಯ 35 ಎಂಬ ಉತ್ತರವನ್ನೇ ತೆಗೆದುಕೊಳ್ಳಿ. 52ರಿಂದ 27 ಕಳೆಯುವಾಗ, ಬಿಡಿಯ ಸ್ಥಾನದಲ್ಲಿ 2ರಿಂದ 7 ಹೋಗದು; ಆದುದರಿಂದ ಅವಳು ದೊಡ್ಡದರಿಂದ ಚಿಕ್ಕದನ್ನು ಕಳೆದು 5 ಎಂದು ಬರೆದಳು; ದಶಕದಲ್ಲಿ 5ರಿಂದ 2 ಕಳೆದು 3. ಇದೇ ಹುಡುಗಿಗೆ 81ರಿಂದ 46 ಕಳೆಯಲು ಕೊಟ್ಟರೆ 45 ಎನ್ನುವಳೆಂದು ಮೊದಲೇ ಹೇಳಬಹುದು. ತಪ್ಪಿಗೂ ಒಂದು ವ್ಯಾಕರಣವಿದೆ. ಒಳ್ಳೆಯ ತಂತ್ರಾಂಶ ಈ ವ್ಯಾಕರಣವನ್ನು ಓದಿ, ಮಗುವನ್ನು ಸ್ಥಾನಬೆಲೆಯ ಪಾಠಕ್ಕೆ ಹಿಂದಿರುಗಿಸಬಲ್ಲದು. ಸಾಧಾರಣ ತಂತ್ರಾಂಶ ಕೆಂಪು ಬಣ್ಣ ತೋರಿಸಿ ಇನ್ನೊಂದು ಅವಕಾಶ ಕೊಡುತ್ತದೆ. ಹೊರಗಿನಿಂದ ನೋಡುವ ತಂದೆತಾಯಿಗಳಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಎರಡರಲ್ಲೂ ನಕ್ಷತ್ರಗಳಿರುತ್ತವೆ.

ನಮ್ಮ ದೇಶದಲ್ಲಿಯೇ ನಡೆದ ಎರಡು ಪ್ರಯೋಗಗಳು ಈ ತಂತ್ರಜ್ಞಾನದ ಪರವಾಗಿ ಗಟ್ಟಿಯಾದ ಸಾಕ್ಷ್ಯ ನುಡಿಯುತ್ತವೆ. ಮೊದಲನೆಯದು ಗುಜರಾತಿನ ವಡೋದರಾದ್ದು. ಅಲ್ಲಿನ ನಗರಸಭೆಯ ಶಾಲೆಗಳಿಗೆ ಸರ್ಕಾರ ನಾಲ್ಕು ನಾಲ್ಕು ಗಣಕಯಂತ್ರಗಳನ್ನು ಕೊಟ್ಟಿತ್ತು. ಬಹುತೇಕ ಅವು ಬಳಕೆಯಾಗದೆ ಕುಳಿತಿದ್ದವು. 2002ರಿಂದ 2004ರವರೆಗೆ 'ಪ್ರಥಮ್' ಸಂಸ್ಥೆ ಆ ಯಂತ್ರಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿತು. ಮಗು ಸರಿಯಾಗಿ ಉತ್ತರಿಸಿದಂತೆ ಲೆಕ್ಕಗಳು ಕಠಿಣವಾಗುತ್ತಿದ್ದವು. ಮುಂದೆ 2019ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ತಮ್ಮ ಸಹೋದ್ಯೋಗಿಗಳೊಡನೆ ಇದರ ಫಲವನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಮೊದಲ ವರ್ಷ 0.35, ಎರಡನೆಯ ವರ್ಷ 0.47 ಪ್ರಮಾಣ ವಿಚಲನೆಯಷ್ಟು ಗಣಿತದ ಅಂಕಗಳು ಏರಿದವು. ಸಾಮಾನ್ಯ ಮಾತಿನಲ್ಲಿ ಹೇಳುವುದಾದರೆ, ನೂರು ಮಕ್ಕಳಲ್ಲಿ ಐವತ್ತು ಮಂದಿಗಿಂತ ಮುಂದಿದ್ದ ಮಗು ಮೊದಲ ವರ್ಷದ ಲೆಕ್ಕದಲ್ಲಿ ಸುಮಾರು 64 ಮಂದಿಗಿಂತ, ಎರಡನೆಯ ವರ್ಷದ ಲೆಕ್ಕದಲ್ಲಿ ಸುಮಾರು 68 ಮಂದಿಗಿಂತ ಮುಂದಾದಂತೆ.

ಎರಡನೆಯದು ದೆಹಲಿಯದು. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂಡ್ರೋ ಗನಿಮಿಯನ್ ಅವರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸರ್ಕಾರಿ ಶಾಲೆಗಳಲ್ಲಿ ಓದುತ್ತಿದ್ದ 619 ಮಕ್ಕಳಲ್ಲಿ ಲಾಟರಿಯ ಮೂಲಕ ಆಯ್ಕೆಯಾದವರಿಗೆ ಶಾಲೆ ಮುಗಿದ ಬಳಿಕ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶವಿದ್ದ ಕೇಂದ್ರಗಳಲ್ಲಿ ಕಲಿಯುವ ಅವಕಾಶ ದೊರೆಯಿತು. ಆರಂಭದ ಪರೀಕ್ಷೆಯಲ್ಲಿ ಕಂಡುಬಂದದ್ದೇನೆಂದರೆ, ಆರನೆಯ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಗಳಷ್ಟು ಹಿಂದಿತ್ತು. ಎಂದರೆ ಆರನೆಯ ತರಗತಿಯ ಪುಸ್ತಕವನ್ನು ಹಿಡಿದು ಕುಳಿತಿದ್ದ ಮಗುವಿಗೆ ನಾಲ್ಕನೆಯ ತರಗತಿಯ ಗಣಿತವೂ ಪೂರ್ತಿ ಬರುತ್ತಿರಲಿಲ್ಲ. ಅವಕಾಶ ದೊರೆಯದ ಗುಂಪಿನಲ್ಲಿ ಅತ್ಯಂತ ಹಿಂದುಳಿದ ಮೂರನೆಯ ಒಂದು ಭಾಗದ ಮಕ್ಕಳು ಆ ತಿಂಗಳುಗಳಲ್ಲಿ ಶಾಲೆಗೆ ಹೋಗಿಯೂ ಅಳೆಯಬಹುದಾದಷ್ಟು ಮುಂದುವರಿಯಲಿಲ್ಲ. ತಂತ್ರಾಂಶವಾದರೋ ಪ್ರತಿಯೊಂದು ಮಗುವನ್ನೂ ಅದು ನಿಂತಿದ್ದ ಮೆಟ್ಟಿಲಿನಿಂದಲೇ ಕೈಹಿಡಿಯಿತು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಪ್ರಮಾಣ ವಿಚಲನೆಯಷ್ಟು ಪ್ರಗತಿ ಕಂಡುಬಂತು. ಶಾಲೆ ಮರೆತಿದ್ದ ಮಗುವನ್ನು ನೆನಪಿಟ್ಟುಕೊಂಡದ್ದು ಯಂತ್ರ ಎಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು.

ಆದರೆ ಈ ಸಾಕ್ಷ್ಯವನ್ನು ಕೊನೆಯವರೆಗೆ ಓದಬೇಕು; ಜಾಹೀರಾತುಗಳು ಮೊದಲ ಸಾಲಿಗೇ ನಿಲ್ಲುತ್ತವೆ. ವಡೋದರಾದಲ್ಲಿ ಒಂದು ಯಂತ್ರದ ಮುಂದೆ ಇಬ್ಬರು ಮಕ್ಕಳು ಕುಳಿತಿದ್ದರು. ಯಂತ್ರಗಳ ಕೊರತೆಯಿಂದ ಹಾಗಾದದ್ದು. ಆದರೂ ಇಬ್ಬರು ಕುಳಿತಲ್ಲಿ ಮಾತು ಹುಟ್ಟುತ್ತದೆ, "ಅದು ಹಾಗಲ್ಲ, ಹೀಗೆ" ಎಂಬ ವಾದ ನಡೆಯುತ್ತದೆ ಎಂಬುದನ್ನು ಮಕ್ಕಳನ್ನು ಬಲ್ಲವರು ಊಹಿಸಬಹುದು. ಬೆನ್ನಿಗೆ ಸಿಗದೆ ಹೋದದ್ದು ಅದೇ. ದೆಹಲಿಯ ಕೇಂದ್ರಗಳಲ್ಲಿ ಒಂದೂವರೆ ಗಂಟೆಯ ಅವಧಿಯಲ್ಲಿ ಅರ್ಧ ಭಾಗ ಮಾತ್ರ ಯಂತ್ರದ ಮುಂದೆ. ಉಳಿದರ್ಧ ಭಾಗ ಹನ್ನೆರಡು ಹದಿನೈದು ಮಕ್ಕಳ ಗುಂಪಿಗೆ ಸಹಾಯಕರೊಬ್ಬರು ಕಲಿಸುತ್ತಿದ್ದರು. ಅಳೆದ ಪ್ರಗತಿ ಯಂತ್ರ ಮತ್ತು ಮನುಷ್ಯ ಸೇರಿ ಸಾಧಿಸಿದ್ದು. ಮನೆಯ ಮೂಲೆಯಲ್ಲಿ ಒಂಟಿಯಾಗಿ ಕುಳಿತ ಮಗುವಿಗೆ ಅದೇ ಫಲ ದೊರೆಯುವುದೆಂದು ಆ ಅಧ್ಯಯನ ಹೇಳುವುದಿಲ್ಲ.

ಇನ್ನೂ ಮೂರು ಸಂಗತಿಗಳಿವೆ. ವಡೋದರಾದ ಮಕ್ಕಳನ್ನು ಕಾರ್ಯಕ್ರಮ ಮುಗಿದ ಒಂದು ವರ್ಷದ ಬಳಿಕ ಮತ್ತೆ ಪರೀಕ್ಷಿಸಿದಾಗ ಲಾಭದ ಬಹುಭಾಗ ಕರಗಿ, ಸುಮಾರು 0.1ರಷ್ಟು ಮಾತ್ರ ಉಳಿದಿತ್ತು. ಅಭ್ಯಾಸ ನಿಂತಾಗ ಕೈ ಮರೆಯುತ್ತದೆ. ದೆಹಲಿಯಲ್ಲಿ ತಂತ್ರಾಂಶದಿಂದ ಗಣಿತ ಕಲಿತ ಮಕ್ಕಳ ಶಾಲಾ ಪರೀಕ್ಷೆಯ ಗಣಿತದ ಅಂಕಗಳಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಮೂರನೆಯ ಮೆಟ್ಟಿಲಿನಿಂದ ನಾಲ್ಕಕ್ಕೆ ಏರಿದ ಮಗುವಿನ ಶ್ರಮ ಏಳನೆಯ ತರಗತಿಯ ಪ್ರಶ್ನೆಪತ್ರಿಕೆಗೆ ಕಾಣುವುದಾದರೂ ಹೇಗೆ? ಇಲ್ಲಿ ತಪ್ಪು ಮಗುವಿನದಲ್ಲ, ಯಂತ್ರದ್ದೂ ಅಲ್ಲ, ಪ್ರಶ್ನೆಪತ್ರಿಕೆಯದು. ಮೂರನೆಯದು ವೆಚ್ಚದ ಮಾತು. ಬ್ಯಾನರ್ಜಿ ಮತ್ತು ಸಂಗಡಿಗರು ಅದೇ ಅಧ್ಯಯನದಲ್ಲಿ 'ಬಾಲಸಖಿ' ಎಂಬ ಇನ್ನೊಂದು ಪ್ರಯೋಗವನ್ನೂ ಅಳೆದರು. ಹಿಂದುಳಿದ ಸುಮಾರು ಇಪ್ಪತ್ತು ಮಕ್ಕಳನ್ನು ಅದೇ ಬಡಾವಣೆಯ ಓದಿದ ಯುವತಿಯೊಬ್ಬಳು ದಿನಕ್ಕೆ ಎರಡು ಗಂಟೆ ಬೇರೆಯಾಗಿ ಕೂಡಿಸಿಕೊಂಡು, ಅವರಿಗೆ ಬಾರದ ಅಡಿಪಾಯದ ಪಾಠಗಳನ್ನು ಕಲಿಸುತ್ತಿದ್ದಳು. ಅಲ್ಲಿಯೂ ಮಕ್ಕಳು ಮುಂದೆ ಬಂದರು. ಮೊದಲ ವರ್ಷ 0.14, ಎರಡನೆಯ ವರ್ಷ 0.28. ಯಂತ್ರಕ್ಕೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು 15 ಡಾಲರ್ ಖರ್ಚಾದರೆ ಬಾಲಸಖಿಗೆ ಆದದ್ದು ಸುಮಾರು ಎರಡೂಕಾಲು ಡಾಲರ್. ಖರ್ಚಾದ ಹಣಕ್ಕೆ ಹೋಲಿಸಿದರೆ ಯಾರು ಹೆಚ್ಚು ಕಲಿಸಿದರೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಮತ್ತೊಂದು ಎಚ್ಚರಿಕೆ ಅಮೆರಿಕದಿಂದ ಬಂದಿದೆ. 2024ರಲ್ಲಿ ಲಾರೆನ್ಸ್ ಹೋಲ್ಟ್ ಎಂಬ ವಿಮರ್ಶಕರು ಪ್ರಸಿದ್ಧ ಗಣಿತ ತಂತ್ರಾಂಶಗಳ ಬಗೆಗಿನ ಅಧ್ಯಯನಗಳನ್ನು ಪರಿಶೀಲಿಸಿ ಒಂದು ಸಾಮಾನ್ಯ ಅಂಶವನ್ನು ಗುರುತಿಸಿದರು. ಒಳ್ಳೆಯ ಫಲ ಕಂಡದ್ದು ಶಿಫಾರಸು ಮಾಡಿದಷ್ಟು ಕಾಲ ತಂತ್ರಾಂಶವನ್ನು ಬಳಸಿದ ಮಕ್ಕಳಲ್ಲಿ. ಆದರೆ ಹಾಗೆ ಬಳಸಿದವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಆ ಐವರು ಬಹುಶಃ ಹೇಗಿದ್ದರೂ ಕಲಿಯುವ ಮಕ್ಕಳು. ತಾನಾಗಿ ಕುಳಿತು ಕಲಿಯುವ ಮಗುವಿಗೆ ಯಂತ್ರ ಒಳ್ಳೆಯ ಸಂಗಾತಿ; ಕುಳಿತುಕೊಳ್ಳಲೇ ಆಗದ ಮಗುವನ್ನು ಕೂರಿಸುವುದು ಯಂತ್ರದಿಂದಾಗದು. ಅದಕ್ಕೆ ಬೇರೊಬ್ಬರ ಕೈ ಬೇಕು.

ಪ್ರತಿಯೊಂದು ಮಗುವಿಗೂ ಅದರದೇ ವೇಗ ಎಂಬ ತತ್ತ್ವವನ್ನು ಕನ್ನಡ ನಾಡು ಯಂತ್ರದಿಂದ ಕಲಿಯಬೇಕಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಿತರಾದ ಶಿಕ್ಷಕರು 'ನಲಿ-ಕಲಿ'ಯನ್ನು ಆರಂಭಿಸಿದರು. ಕಲಿಯಬೇಕಾದದ್ದನ್ನೆಲ್ಲ ಕಾರ್ಡುಗಳಾಗಿ ಬಿಡಿಸಿ, ಅವುಗಳನ್ನು ಏಣಿಯಂತೆ ಜೋಡಿಸಲಾಯಿತು. ಒಂದು ವಾರ ಜ್ವರದಿಂದ ಮಲಗಿದ್ದ ಮಗು ಮರಳಿ ಬಂದಾಗ, ತಾನು ಬಿಟ್ಟುಹೋಗಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಇಲ್ಲಿ ಸ್ಕಿನ್ನರರ ದೂರಿಗೆ ಉತ್ತರವಿತ್ತು. ಅಷ್ಟೇ ಅಲ್ಲ, ಮಕ್ಕಳು ಐದು ಗುಂಪುಗಳಲ್ಲಿ ಕುಳಿತುಕೊಳ್ಳುತ್ತಿದ್ದರು: ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರು, ಸ್ವಲ್ಪ ಬೆಂಬಲ ಬೇಕಾದವರು, ಗೆಳೆಯರ ಪೂರ್ಣ ನೆರವಿನಿಂದ ಕಲಿಯುವವರು, ಗೆಳೆಯರ ಸ್ವಲ್ಪ ನೆರವು ಸಾಕಾದವರು, ತಾವೇ ಕಲಿಯುವವರು. ಎಂದರೆ ಕಲಿಯುವ ಮಗು ಗುರುವಿನ ಕೈಯಿಂದ ಗೆಳೆಯನ ಕೈಗೆ, ಗೆಳೆಯನ ಕೈಯಿಂದ ತನ್ನ ಕಾಲ ಮೇಲೆ ಬರುತ್ತಿತ್ತು. ಯಂತ್ರದ ಏಣಿಯಲ್ಲಿ ಮೆಟ್ಟಿಲುಗಳಿವೆ, ಈ ಕೈಗಳಿಲ್ಲ.

ನಲಿ-ಕಲಿಯನ್ನು ಹೊಗಳಿ ಮುಗಿಸುವುದೂ ನ್ಯಾಯವಲ್ಲ. ಒಂದು ತಾಲ್ಲೂಕಿನ ಶಿಕ್ಷಕರ ಉತ್ಸಾಹದಿಂದ ಹುಟ್ಟಿದ ಪದ್ಧತಿ ಸರ್ಕಾರಿ ಆದೇಶವಾಗಿ ರಾಜ್ಯದ ಮೂಲೆಮೂಲೆಗೆ ಹರಡಿದಾಗ, ಅದೇ ಉತ್ಸಾಹ ಎಲ್ಲ ಕಡೆಗೂ ಹರಡಲಿಲ್ಲ. ಮೂರು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಒಬ್ಬರೇ ನೋಡಿಕೊಳ್ಳುತ್ತ, ಪ್ರತಿಯೊಬ್ಬರೂ ಎಲ್ಲಿದ್ದಾರೆಂದು ದಾಖಲಿಸುವುದು ಹೆಣಗಾಟದ ಕೆಲಸ. ವಾಸ್ತವವಾಗಿ ಆ ದಾಖಲೆಯ ಕೆಲಸವನ್ನು ಯಂತ್ರ ಚೆನ್ನಾಗಿ ಮಾಡಬಲ್ಲದು. ಯಾವ ಮಗು ಎಲ್ಲಿ ಎಡವುತ್ತಿದೆ ಎಂಬುದನ್ನು ಶಿಕ್ಷಕಿಗೆ ತಿಳಿಸುವ ಗುಮಾಸ್ತನಾಗಿ ಅದು ಬರಲಿ, ಸ್ವಾಗತ. ಆದರೆ ಗುಮಾಸ್ತನನ್ನು ಗುರುವಿನ ಪೀಠದಲ್ಲಿ ಕೂರಿಸಿದಾಗ ಬೆನ್ನಿಯ ಕಥೆ ಮರುಕಳಿಸುತ್ತದೆ.

ಭಾಷೆಯ ಮಾತನ್ನೂ ಹೇಳಲೇಬೇಕು. ನಮ್ಮ ಮನೆಗಳಿಗೆ ಬರುತ್ತಿರುವ ಈ ಬಗೆಯ ತಂತ್ರಾಂಶಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲಿವೆ. ವಾಕ್ಯರೂಪದ ಲೆಕ್ಕವೊಂದನ್ನು ಓದಿ ಅರ್ಥಮಾಡಿಕೊಳ್ಳಲಾಗದ ಮಗು ತಪ್ಪುತ್ತರ ಕೊಟ್ಟಾಗ, ಅದಕ್ಕೆ ಗಣಿತ ಬರುವುದಿಲ್ಲವೆಂದು ಯಂತ್ರ ದಾಖಲಿಸಿಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿಸಬಹುದು. ಮಗುವಿಗೆ ತಿಳಿಯದಿದ್ದದ್ದು ಲೆಕ್ಕವಲ್ಲ, ವಾಕ್ಯ. ನಮ್ಮ ಮಾತಿನಲ್ಲಿಯೇ ಎಷ್ಟು ಗಣಿತ ಅಡಗಿದೆ! ಹದಿಮೂರು ಎಂಬಲ್ಲಿ ಹತ್ತೂ ಇದೆ, ಮೂರೂ ಇದೆ. ಕಾಲು, ಅರ್ಧ, ಮುಕ್ಕಾಲು ಎಂಬ ಮಾತುಗಳನ್ನು ಸಂತೆಯ ತಕ್ಕಡಿಯ ಮುಂದೆ, ಹಾಲಿನ ಅಳತೆಯಲ್ಲಿ, ಬಟ್ಟೆಯಂಗಡಿಯಲ್ಲಿ ಮಕ್ಕಳು ಶಾಲೆಗೆ ಹೋಗುವ ಮೊದಲೇ ಕೇಳಿರುತ್ತಾರೆ. ಮುಕ್ಕಾಲು ಎಂದರೆ ಮೂರು ಕಾಲುಗಳೆಂದು ಅಜ್ಜಿ ಒಮ್ಮೆ ತೋರಿಸಿಕೊಟ್ಟ ಮಗು, 4/11 ಮತ್ತು 11/4 ಒಂದೇ ಎಂದು ಒಪ್ಪಲಾರದು. ಏಕೆಂದರೆ ಭಾಗವೆಂದರೆ ಏನೆಂಬುದನ್ನು ಅದು ಕಣ್ಣಾರೆ ಕಂಡಿದೆ.

ಹಾಗಾದರೆ ತಂದೆತಾಯಿಗಳು ಮಾಡಬೇಕಾದದ್ದೇನು? ಟ್ಯಾಬ್ಲೆಟ್ಟನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಅಭ್ಯಾಸಕ್ಕೆ ಅದು ಒಳ್ಳೆಯ ಸಾಧನ. ಮಗ್ಗಿಯನ್ನು ಗಟ್ಟಿಮಾಡಲು, ಬಿಟ್ಟುಹೋದ ಮೆಟ್ಟಿಲನ್ನು ಮತ್ತೆ ಹತ್ತಲು, ತಪ್ಪಿದಾಗ ನಾಲ್ಕು ಜನರ ಮುಂದೆ ನಾಚಿಕೆಪಡದೆ ಇನ್ನೊಮ್ಮೆ ಪ್ರಯತ್ನಿಸಲು ಅದು ನೆರವಾಗುತ್ತದೆ. ತರಗತಿಯಲ್ಲಿ ಬಾಯಿ ಬಿಡಲು ಹೆದರುವ ಮಗುವಿಗೆ ಈ ಕೊನೆಯ ಲಾಭ ಸಣ್ಣದಲ್ಲ. ಆದರೆ ಕೊಳ್ಳುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳೋಣ. ತಪ್ಪಾದಾಗ ಇದು ಮಗುವಿಗೆ ಕಾರಣ ತೋರಿಸುತ್ತದೆಯೇ, ಅಥವಾ ಬಣ್ಣ ಮಾತ್ರ ಬದಲಾಯಿಸುತ್ತದೆಯೇ? ಮಗು ತಾನೇ ಉತ್ತರ ಬರೆಯಬೇಕೇ, ಅಥವಾ ನಾಲ್ಕರಲ್ಲಿ ಒಂದನ್ನು ಒತ್ತಿದರೆ ಸಾಕೇ? ಮಗುವಿನ ಮನೆಮಾತಿನಲ್ಲಿ ಇದು ಇದೆಯೇ? ಕೊಂಡ ಬಳಿಕವೂ ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತು, ಎರ್ಲ್‌ವಾಂಗರ್ ಕೇಳಿದ ಪ್ರಶ್ನೆಯನ್ನೇ ಕೇಳೋಣ: ಹೇಗೆ ಮಾಡಿದೆ? ಉತ್ತರ ತಪ್ಪಾದಾಗ ಮಾತ್ರವಲ್ಲ, ಸರಿಯಾದಾಗಲೂ ಕೇಳೋಣ. ಆ ಪ್ರಶ್ನೆ ಕೇಳಲು ಗಣಿತದ ಪದವಿ ಬೇಕಾಗಿಲ್ಲ. ನಮಗೆ ಲೆಕ್ಕ ಬಾರದಿದ್ದರೂ ಪರವಾಗಿಲ್ಲ. ಬಲ್ಲವನಂತೆ ನಟಿಸದ ತಂದೆಗೆ ಮಗು ಇನ್ನಷ್ಟು ಬಿಡಿಸಿ ಹೇಳುತ್ತದೆ, ಹೇಳುವಾಗಲೇ ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವುದೂ ಉಂಟು.

ಅಂದು ಆ ಹುಡುಗಿಯೊಡನೆ ನಾನು ಮಾಡಿದ್ದೂ ಅಷ್ಟೇ. ಐದು ಹತ್ತರ ನೋಟುಗಳನ್ನೂ ಎರಡು ಒಂದು ರೂಪಾಯಿಯ ನಾಣ್ಯಗಳನ್ನೂ ಅವಳ ಅಂಗೈಯಲ್ಲಿಟ್ಟು, "ನನಗೆ ಇಪ್ಪತ್ತೇಳು ರೂಪಾಯಿ ಕೊಡು" ಎಂದೆ. ಎರಡು ನೋಟುಗಳನ್ನು ಥಟ್ಟನೆ ಕೊಟ್ಟಳು. ಏಳು ಕೊಡಲು ಹೋಗಿ, ಎರಡು ನಾಣ್ಯಗಳನ್ನು ನೋಡುತ್ತ ನಿಂತಳು. ಪರದೆಯಾಗಿದ್ದರೆ ಆ ಮೌನಕ್ಕೆ ಕಾಯುತ್ತಿತ್ತೋ ಇಲ್ಲವೋ. ಸ್ವಲ್ಪ ಹೊತ್ತಿನ ಬಳಿಕ ಮುಖವೆತ್ತಿ, "ಒಂದು ನೋಟಿಗೆ ಚಿಲ್ಲರೆ ಬೇಕು" ಎಂದಳು. ಅವಳ ತಾಯಿ ಸೆರಗಿನ ಗಂಟಿನಿಂದ ಹತ್ತು ನಾಣ್ಯಗಳನ್ನು ತೆಗೆದುಕೊಟ್ಟರು. ಹುಡುಗಿ ಏಳನ್ನು ಎಣಿಸಿ ನನಗೆ ಕೊಟ್ಟು, ತನ್ನ ಬಳಿ ಉಳಿದದ್ದನ್ನು ಎರಡು ಬಾರಿ ಎಣಿಸಿದಳು. ಇಪ್ಪತ್ತೈದು. "ಹಾಗಾದರೆ ಮೂವತ್ತೈದು ಯಾಕೆ ಆಗಲಿಲ್ಲ?" ಎಂದೆ. "ಆ ನೋಟನ್ನು ಮುರಿಸಿದೆನಲ್ಲ!" ಎಂದು ನಕ್ಕಳು.

ಆಗ ನಕ್ಷತ್ರ ಮೇಲೇರಲಿಲ್ಲ, ಚಪ್ಪಾಳೆಯ ಸದ್ದೂ ಕೇಳಿಸಲಿಲ್ಲ. ತಾಯಿ ಮಾತ್ರ ಒಲೆ ಆರಿಸಿ ಬಂದು ಮಗಳ ಪಕ್ಕದಲ್ಲಿ ಕುಳಿತರು.